ಮೆಕಾನಹಿ ಹಿನ್ನೀರಿನ ಕ್ಯಾಂಪಿಂಗ್: ಹಗಲು ಮರಳಿನ ಮೇಲೆ ಕಳೆಯಿರಿ, ರಾತ್ರಿ ಅಣೆಕಟ್ಟಿನ ಕೆಳಗೆ ಮಲಗಿ

ತೀರ್ಪು ಮೊದಲೇ ಹೇಳಿಬಿಡೋಣ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿರುವ ಮೆಕಾನಹಿ ವಿಹಾರ ತಾಣ ಹಗಲು ಕಳೆಯುವುದಕ್ಕೆ ಬಲು ಸೊಗಸಾದ ಜಾಗ. ಆದರೆ ಅದರ ಹೆಸರುವಾಸಿ ಬಿಳಿ ಮರಳಿನ ದಂಡೆಯ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಟೆಂಟಿನಲ್ಲಿ ಮಲಗುವುದು ಬೇರೆಯೇ ಮಾತು. ಫೋಟೊ ನೋಡಿ ಮರುಳಾಗಿ ನೀರಿನ ಅಂಚಿನ ಸೈಟನ್ನೇ ಹಿಡಿಯುವವರು ರಾತ್ರಿ ಹನ್ನೊಂದರ ಹೊತ್ತಿಗೆ ಗೂಟ ಹುಡುಕುತ್ತ, ಟಾರ್ಚ್ ಹಿಡಿದು ಓಡಾಡುವುದು ಅಲ್ಲಿ ಸಾಮಾನ್ಯ ದೃಶ್ಯ. ಈ ಬಯಲು ನಾಡಿನ ಕೆರೆ ದಂಡೆಗಳಲ್ಲಿ ಸೈಟನ್ನು ಆರಿಸಬೇಕಾದ್ದು ನೋಟಕ್ಕಲ್ಲ, ಗಾಳಿಗೆ. ಮಿಕ್ಕ ಎಲ್ಲ ತಯಾರಿಯೂ ಆ ಒಂದು ಮಾತಿನ ಹಿಂದೆ ಬರುತ್ತದೆ.

ಕೆರೆ ಎಂದು ಹೆಸರು, ಆದರೆ ಇದು ಅಣೆಕಟ್ಟಿನ ಹಿನ್ನೀರು. ನಾರ್ತ್ ಪ್ಲ್ಯಾಟ್ ನದಿಗೆ ಅಡ್ಡಲಾಗಿ ಕಟ್ಟಿದ ಕಿಂಗ್ಸ್ಲಿ ಅಣೆಕಟ್ಟು 1941ರಲ್ಲಿ ಮುಗಿಯಿತು. ತುಂಬಿದಾಗ ಉದ್ದ ಸುಮಾರು 35 ಕಿಲೋಮೀಟರು, ಅಗಲ ಹೆಚ್ಚೆಂದರೆ 6. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 76 ಟಿಎಂಸಿ ನೀರು ಹಿಡಿಯುತ್ತದೆ. ಕೆಆರ್‌ಎಸ್ ಹಿಡಿಯುವುದು 49 ಟಿಎಂಸಿ. ಕೆಆರ್‌ಎಸ್ ಗೊತ್ತಿರುವವರಿಗೆ ಇಲ್ಲಿಯ ಗುಟ್ಟನ್ನು ಬಿಡಿಸಿ ಹೇಳಬೇಕಿಲ್ಲ: ಇದೂ ಬೇಸಾಯದ ನೀರು. ಬೇಸಿಗೆಯಲ್ಲಿ ಮುಸುಕಿನ ಜೋಳದ ಹೊಲಗಳಿಗೆ ನಾಲೆ ಬಿಟ್ಟರೆ ಮಟ್ಟ ಇಳಿಯುತ್ತ ಹೋಗುತ್ತದೆ. ಜೂನ್‌ನಲ್ಲಿ ಕಿರಿದಾಗಿದ್ದ ದಂಡೆ ಸೆಪ್ಟೆಂಬರಿನಲ್ಲಿ ಮೈದಾನವಾಗುತ್ತದೆ. ಆದ್ದರಿಂದ ಹೋದ ವರ್ಷ ಯಾರೋ ತೆಗೆದ ಫೋಟೊ ನೋಡಿ ‘ಈ ಜಾಗ ನೀರಿಗೆ ಹತ್ತಿರ’ ಎಂದು ನಂಬಬೇಡಿ. ಅಣೆಕಟ್ಟು ನೋಡಿಕೊಳ್ಳುವ ನೀರಾವರಿ ಸಂಸ್ಥೆ ನೀರಿನ ಮಟ್ಟವನ್ನು ಅಂತರ್ಜಾಲದಲ್ಲಿ ಹಾಕುತ್ತಿರುತ್ತದೆ. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 3,265 ಅಡಿ. ಅದಕ್ಕಿಂತ ಎಷ್ಟು ಅಡಿ ಕೆಳಗಿದೆ ಎಂದು ನೋಡಿಕೊಂಡರೆ ಆ ವಾರ ದಂಡೆ ಎಷ್ಟು ಅಗಲವಿರಬಹುದೆಂಬ ಅಂದಾಜು ಸಿಗುತ್ತದೆ.

ಡೆನ್ವರ್ ಕಡೆಯಿಂದ ಹೋಗುವ ಕನ್ನಡದವರಿಗೆ ಇದು ಮೂರೂಕಾಲು, ಮೂರೂವರೆ ಗಂಟೆಯ ದಾರಿ. 76ನೇ ಹೆದ್ದಾರಿ ಹಿಡಿದು ಈಶಾನ್ಯಕ್ಕೆ ಹೊರಟು, ಜೂಲ್ಸ್‌ಬರ್ಗ್ ದಾಟಿದ ಮೇಲೆ 80ನೇ ಹೆದ್ದಾರಿಗೆ ಸೇರಿ, 126ನೇ ನಿರ್ಗಮನದಲ್ಲಿ ಒಗಲಾಲ ಊರಿಗೆ ಇಳಿಯಬೇಕು. ಅಲ್ಲಿಂದ ಉತ್ತರಕ್ಕೆ 61ನೇ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರು ಹೋದರೆ ಅಣೆಕಟ್ಟು. ರಸ್ತೆ ಅದರ ಮೇಲೆಯೇ ಹಾದುಹೋಗುತ್ತದೆ. ಓಮಹಾ ಕಡೆಯಿಂದ ಬರುವವರಿಗೆ ಐದು ಗಂಟೆ. ಅವರು ಮರೆಯಬಾರದ್ದು ಗಡಿಯಾರ: ಒಗಲಾಲ ಇರುವ ಕೀತ್ ಕೌಂಟಿ ಮೌಂಟನ್ ವೇಳೆಯಲ್ಲಿದೆ, ಅದಕ್ಕೆ ಹೊಂದಿಕೊಂಡು ಪೂರ್ವಕ್ಕಿರುವ ಕೌಂಟಿ ಸೆಂಟ್ರಲ್ ವೇಳೆಯಲ್ಲಿ. ಹೋಗುವಾಗ ಒಂದು ಗಂಟೆ ಉಳಿಯುತ್ತದೆ, ಬರುವಾಗ ಕಳೆಯುತ್ತದೆ. ಸೈಟು ಖಾಲಿ ಮಾಡುವ ಗಂಟೆ, ದೋಣಿ ಬಾಡಿಗೆಯ ಗಂಟೆ ಎಲ್ಲವೂ ಮೌಂಟನ್ ವೇಳೆಯಲ್ಲೇ. ಡೆನ್ವರ್ ಕಡೆಯಿಂದ ಕಾರಿನ ತಲೆಯ ಮೇಲೆ ಚೀಲ ಕಟ್ಟಿಕೊಂಡು ಹೋಗುವವರು ದಾರಿಯ ಸ್ಟರ್ಲಿಂಗ್‌ನಲ್ಲಿ ಒಮ್ಮೆ ಇಳಿದು ಪಟ್ಟಿಗಳನ್ನು ಬಿಗಿಮಾಡಿ. ಅಲ್ಲಿಂದ ಮುಂದೆ ಅಡ್ಡಗಾಳಿಗೆ ಮರೆಯೇ ಇಲ್ಲ.

ಬುಕಿಂಗ್ ವ್ಯವಸ್ಥೆ ನೆಬ್ರಾಸ್ಕ ಗೇಮ್ ಆ್ಯಂಡ್ ಪಾರ್ಕ್ಸ್ ಇಲಾಖೆಯದು. ಮೊದಲೆಲ್ಲ ದಂಡೆಗೆ ಗಾಡಿ ಇಳಿಸಿ, ಸಿಕ್ಕ ಕಡೆ ಟೆಂಟು ಹೊಡೆಯುವ ರೂಢಿಯಿತ್ತು. 2020ರ ಬೇಸಿಗೆಯಲ್ಲಿ ಜನ ಮುಗಿಬಿದ್ದ ಮೇಲೆ ಆ ಕಾಲ ಮುಗಿಯಿತು. ಈಗ ಬೇಸಿಗೆಯ ತಿಂಗಳುಗಳಲ್ಲಿ ಮರಳಿನ ಮೇಲಿನ ಜಾಗಕ್ಕೂ ಮುಂಗಡ ಕಾಯ್ದಿರಿಸಬೇಕು. ಸುಮ್ಮನೆ ಹೋಗಿ ನೋಡೋಣ ಎಂದುಕೊಂಡು ಮೇ ಕೊನೆಯ ಮೆಮೋರಿಯಲ್ ಡೇ, ಜುಲೈ 4, ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ವಾರಾಂತ್ಯಗಳಲ್ಲಿ ಹೊರಟರೆ ವಾಪಸು ಬರಬೇಕಾದೀತು. ಹಣದ ಲೆಕ್ಕದಲ್ಲಿ ಹೊಸಬರು ಎಡವುವುದು ಒಂದು ಕಡೆ: ಸೈಟಿನ ಬಾಡಿಗೆಯಲ್ಲಿ ಪ್ರವೇಶ ಪರವಾನಗಿ ಸೇರಿಲ್ಲ. ಪ್ರತಿ ಕಾರಿಗೂ ಬೇರೆ ಪರವಾನಗಿ ಬೇಕು, ಹೊರರಾಜ್ಯದ ನಂಬರ್ ಪ್ಲೇಟಿಗೆ ದರ ಹೆಚ್ಚು. ಮೂರು ಕುಟುಂಬ ಮೂರು ಕಾರಿನಲ್ಲಿ ಹೋದರೆ ಅದೇ ಒಂದು ಮೊತ್ತವಾಗುತ್ತದೆ. ಏಳು ಸೀಟಿನ ಎರಡು ಗಾಡಿಗಳಲ್ಲಿ ಹೋಗುವುದು ಲೇಸು. ಹೊರರಾಜ್ಯದಲ್ಲಿ ನೋಂದಣಿಯಾದ ಮೋಟಾರ್ ದೋಣಿ ತರುವವರಿಗೆ ಆಕ್ರಮಣಕಾರಿ ಜಲಜೀವಿ ತಡೆಯ ಸ್ಟಾಂಪು ಬೇರೆ. ವಾಪಸಾಗುವಾಗ ದೋಣಿಯೊಳಗೆ ಒಂದು ಹನಿ ಕೆರೆನೀರೂ ಉಳಿಯಬಾರದು ಎನ್ನುವುದು ಇಲ್ಲಿ ಉಪದೇಶವಲ್ಲ, ಕಾನೂನು. ಜೀಬ್ರಾ ಮಸೆಲ್ ಎಂಬ ಚಿಪ್ಪುಹುಳು ಕೆರೆಯಿಂದ ಕೆರೆಗೆ ಹೋಗುವುದು ಹೀಗೆಯೇ.

ಈಗ ಗಾಳಿಯ ವಿಷಯ. ಬೇಸಿಗೆಯ ಹಗಲಿನಲ್ಲಿ ಇಲ್ಲಿ ಹೆಚ್ಚಾಗಿ ಬೀಸುವುದು ದಕ್ಷಿಣ, ಆಗ್ನೇಯದ ಗಾಳಿ. ಮುನ್ನುಗ್ಗುವ ತಂಪು ಹವೆ ಬಂದಾಗ ಅದು ತಿರುಗಿ ವಾಯವ್ಯ, ಉತ್ತರದಿಂದ ಒಮ್ಮೆಲೇ ಅಪ್ಪಳಿಸುತ್ತದೆ. ಹೆಸರುವಾಸಿ ಮರಳು ದಂಡೆಗಳಲ್ಲಿ ಹೆಚ್ಚಿನವು ಉತ್ತರ ದಡದಲ್ಲಿವೆ: ಮಾರ್ಟಿನ್ ಬೇ, ಆರ್ಥರ್ ಬೇ, ಓಟರ್ ಕ್ರೀಕ್ ಹೀಗೆ. ಅಂದರೆ ದಕ್ಷಿಣದ ಗಾಳಿ ಕೆರೆಯ ಪೂರ್ತಿ ಅಗಲವನ್ನು ದಾಟಿ, ಅಲೆಗಳನ್ನು ಎಬ್ಬಿಸಿಕೊಂಡು ಬಂದು ನಿಮ್ಮ ಟೆಂಟಿನ ಬಾಗಿಲಿಗೇ ಬಡಿಯುತ್ತದೆ. ಪಶ್ಚಿಮ, ವಾಯವ್ಯದ ಗಾಳಿಯಾದರೆ ಇನ್ನೂ ಕಷ್ಟ. ಕೆರೆಯ ಉದ್ದಕ್ಕೂ ಓಡಿಬಂದು ಅಣೆಕಟ್ಟಿನ ಬದಿಯ ಪೂರ್ವ ತುದಿಯಲ್ಲಿ ತನ್ನ ಪೂರ್ತಿ ಬಲ ತೋರಿಸುತ್ತದೆ. ಉತ್ತರಕ್ಕೆ ಮರವಿಲ್ಲದ ಹುಲ್ಲಿನ ಮರಳುಗುಡ್ಡಗಳು, ಸ್ಯಾಂಡ್‌ಹಿಲ್ಸ್. ಭೂಮಿಯ ಪಶ್ಚಿಮಾರ್ಧದಲ್ಲೇ ಇಷ್ಟು ವಿಸ್ತಾರದ ಮರಳುದಿಬ್ಬಗಳು ಬೇರೆಲ್ಲೂ ಇಲ್ಲ. ಹುಲ್ಲು ಮರಳನ್ನು ಹಿಡಿದು ನಿಲ್ಲಿಸಿದೆ ನಿಜ, ಗಾಳಿಯನ್ನು ನಿಲ್ಲಿಸುವಂಥದ್ದು ಅಲ್ಲೇನೂ ಇಲ್ಲ.

ಮರಳಿನಲ್ಲಿ ಟೆಂಟು ಏಕೆ ಹಾರುತ್ತದೆ? ಟೆಂಟಿನ ಜೊತೆ ಬರುವ ಪೆನ್ಸಿಲ್ ಗಾತ್ರದ ಕಂಬಿಯ ಗೂಟ ಗಟ್ಟಿ ಮಣ್ಣಿಗೆಂದು ಮಾಡಿದ್ದು. ಒಣ ಮರಳಿನಲ್ಲಿ ಅದಕ್ಕೆ ಹಿಡಿತವಿಲ್ಲ; ಕಿರುಬೆರಳಿನಲ್ಲಿ ಎಳೆದರೂ ಬರುತ್ತದೆ. ಅಗಲ ಎಲೆಯಂಥ, 30 ಸೆಂಟಿಮೀಟರ್ ಉದ್ದದ ಮರಳುಗೂಟಗಳು ಅಂಗಡಿಯಲ್ಲಿ ಸಿಗುತ್ತವೆ, ಅವು ಪರವಾಗಿಲ್ಲ. ಆದರೆ ಖರ್ಚಿಲ್ಲದ, ಅದಕ್ಕಿಂತ ಗಟ್ಟಿಯಾದ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ: ಖಾಲಿ ಅಕ್ಕಿ ಚೀಲ. ಹತ್ತು ಪೌಂಡಿನ ಬಾಸ್ಮತಿ ಚೀಲಕ್ಕೆ ಮುಕ್ಕಾಲು ಭಾಗ ಮರಳು ತುಂಬಿ ಬಾಯಿ ಕಟ್ಟಿ. ಹಗ್ಗವನ್ನು ಚೀಲದ ನಡುವಿಗೆ ಸುತ್ತಿ ಗಂಟು ಹಾಕಿ. ಬಾಯಿಗೆ ಕಟ್ಟಿದರೆ ಎಳೆತಕ್ಕೆ ಚೀಲ ಉದ್ದಕ್ಕೆ ತಿರುಗಿ ಜಾರುತ್ತದೆ. ಹಗ್ಗ ಎಳೆಯುವ ದಿಕ್ಕಿಗೆ ಅಡ್ಡಲಾಗಿ ಮೊಣಕೈ ಆಳದ ಗುಂಡಿ ತೋಡಿ, ಚೀಲವನ್ನು ಮಲಗಿಸಿ, ಟೆಂಟಿನ ಕಡೆಗೆ ಹಗ್ಗ ಬರಲು ಓರೆಯಾಗಿ ಒಂದು ಸಣ್ಣ ಕಾಲುವೆ ಕೊರೆಯಿರಿ. ಈ ಕಾಲುವೆ ಕೊರೆಯದಿದ್ದರೆ ಹಗ್ಗ ಮೇಲ್ಮುಖವಾಗಿ ಎಳೆದು ಚೀಲವನ್ನು ಎತ್ತಿಬಿಡುತ್ತದೆ. ಹೆಚ್ಚಿನವರು ಕೆಡುವುದು ಇಲ್ಲೇ. ಆಮೇಲೆ ಮರಳು ಮುಚ್ಚಿ, ನೀರು ಚಿಮುಕಿಸಿ, ಕಾಲಿನಿಂದ ತುಳಿಯಿರಿ. ಒದ್ದೆ ಮರಳು ಒಣ ಮರಳಿಗಿಂತ ಬಹಳ ಗಟ್ಟಿ ಕೂರುತ್ತದೆ. ನಾಲ್ಕು ಜನರ ಗುಮ್ಮಟ ಟೆಂಟಿಗೆ ನಾಲ್ಕು ಮೂಲೆ, ಜೊತೆಗೆ ಟೆಂಟಿನ ಮೈಯಿಂದ ನೆಲಕ್ಕೆ ಎಳೆದು ಕಟ್ಟುವ ಗಾಳಿ ಹಗ್ಗಕ್ಕೆ ನಾಲ್ಕು, ಒಟ್ಟು ಎಂಟು ಚೀಲವಾದರೂ ಬೇಕು. ಗಾಳಿ ಹಗ್ಗಗಳು ಪೆಟ್ಟಿಗೆಯಲ್ಲಿ ಸುತ್ತಿಟ್ಟ ಹಾಗೆಯೇ ಉಳಿದುಬಿಡುತ್ತವೆ; ಮನೆಯಂಗಳದಲ್ಲೇ ಒಮ್ಮೆ ಬಿಚ್ಚಿ, ಮೂರು ಮೀಟರಿನ ಹಗ್ಗ ಕಟ್ಟಿಟ್ಟುಕೊಳ್ಳಿ.

ಟೆಂಟಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಒಳಗೆ ನಿಂತು ಸೀರೆ ಉಡಬಹುದಾದಂಥ ಆರಡಿ ಗೋಡೆಯ ಕ್ಯಾಬಿನ್ ಟೆಂಟು ಕಾಡಿನ ನಡುವೆ ಆರಾಮ. ಇಲ್ಲಿ ಅದು ಹಾಯಿ. ಬೀಳುವುದೂ ಒಂದೇ ರೀತಿಯಲ್ಲಿ: ಗಾಳಿಗೆ ಎದುರಾದ ಗೋಡೆ ಒಳಕ್ಕೆ ಉಬ್ಬುತ್ತದೆ, ಮೇಲಿನ ಫೈಬರ್ ಕಂಬಿ ಕೀಲಿನ ಹತ್ತಿರ ಸೀಳುತ್ತದೆ, ಸೀಳಿದ ತುದಿ ಬಟ್ಟೆಯನ್ನು ಹರಿಯುತ್ತದೆ. ಕಂಬಿ ಜೋಡಿಸುವ ಅಲ್ಯೂಮಿನಿಯಂ ತೋಳು ಒಂದೆರಡು ಜೊತೆಗಿರಲಿ. ಸೀಳಿದ ಜಾಗಕ್ಕೆ ತೊಡಿಸಿ ಟೇಪು ಸುತ್ತಿದರೆ ರಾತ್ರಿ ಕಳೆಯುತ್ತದೆ. ಇನ್ನು ನೆರಳಿಗೆಂದು ಒಯ್ಯುವ ನಾಲ್ಕು ಕಾಲಿನ ಮಡಚು ಚಪ್ಪರ. ಕಾಲಿಗೆ ಇಪ್ಪತ್ತು ಕಿಲೋದಂತೆ ಭಾರ ಕಟ್ಟದೆ ಅದನ್ನು ಬಿಚ್ಚಲೇಬೇಡಿ. ಈಜಲು ಹೋಗುವಾಗ, ಮಲಗುವಾಗ ಚಪ್ಪರದ ತಲೆ ಇಳಿಸಿಯೇ ಹೋಗಿ. ಬಯಲು ಸೀಮೆಯ ಕೆರೆಗಳಲ್ಲಿ ಕಸದ ತೊಟ್ಟಿಯ ಪಕ್ಕ ಮುರಿದು ಬಿದ್ದಿರುವುದು ಹೆಚ್ಚಾಗಿ ಇದೇ ಸಾಮಾನು.

ಗುಡುಗು ಮಳೆ ಮೇ ತಿಂಗಳಿಂದ ಆಗಸ್ಟ್‌ವರೆಗೆ ಸಂಜೆಯ ಅತಿಥಿ. ಪಶ್ಚಿಮದಲ್ಲಿ ಹೂಕೋಸಿನಂಥ ಮೋಡ ಎದ್ದರೆ ಒಂದೆರಡು ಗಂಟೆಯಲ್ಲಿ ಕೆರೆಯ ಮೇಲಿರಬಹುದು. ಹವಾಮಾನ ಇಲಾಖೆಯ ಮಾತಿನಲ್ಲಿ ‘ವಾಚ್’ ಎಂದರೆ ಆಗಬಹುದು, ‘ವಾರ್ನಿಂಗ್’ ಎಂದರೆ ಆಗುತ್ತಿದೆ, ಈಗಲೇ ಏಳಿ. ತೀವ್ರ ಗುಡುಗು ಮಳೆಯ ವಾರ್ನಿಂಗ್ ಹೊರಡುವುದು ಗಾಳಿ ಗಂಟೆಗೆ 58 ಮೈಲು, ಅಂದರೆ 93 ಕಿಲೋಮೀಟರ್ ಮುಟ್ಟುವ ಅಂದಾಜಿದ್ದಾಗ ಅಥವಾ ಒಂದಿಂಚು ಗಾತ್ರದ ಆಲಿಕಲ್ಲು ಬೀಳುವಂತಿದ್ದಾಗ. ಯಾವ ಟೆಂಟೂ ಇದಕ್ಕೆ ಮಾಡಿದ್ದಲ್ಲ. ದಡದ ಕೆಲವು ಕಡೆ ಮೊಬೈಲ್ ಸಿಗ್ನಲ್ ಕುಂಟುತ್ತದೆ, ಹಾಗಾಗಿ 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ಹವಾಮಾನ ಚಾನೆಲ್ ಹಿಡಿಯುವ ಬ್ಯಾಟರಿ ರೇಡಿಯೊ ಒಂದು ಕೈಗೆ ಸಿಗುವಂತಿರಲಿ. ಮಿಂಚಿಗೆ ಕಾರಿನೊಳಗೆ ಗಾಜು ಏರಿಸಿ ಕೂತರೆ ಸಾಕು. ಸುಂಟರಗಾಳಿಯ ವಾರ್ನಿಂಗ್ ಬಂದರೆ ಕಾರೂ ಆಸರೆಯಲ್ಲ. ಗಟ್ಟಿ ಗೋಡೆಯ ಸ್ನಾನಗೃಹದ ಕಟ್ಟಡ ಎಲ್ಲಿದೆ, ಬಿರುಗಾಳಿಗೆ ಹೇಳಿದ ಆಸರೆ ಎಲ್ಲಿ ಎಂದು ಸಾಮಾನು ಇಳಿಸುವ ಮೊದಲೇ ಕಚೇರಿಯಲ್ಲಿ ಕೇಳಿಕೊಳ್ಳಿ. ಮರಳು ದಂಡೆಯ ಸೈಟಿನಿಂದ ಅಂಥ ಕಟ್ಟಡ ದೂರ, ನಡುವೆ ಮರಳಿನ ದಾರಿ. ದಂಡೆಯಲ್ಲಿ ಮಲಗಬೇಡಿ ಎನ್ನುವುದಕ್ಕೆ ಇದೊಂದೇ ಕಾರಣ ಸಾಲದೆ?

ಮರಳಿಗೆ ಗಾಡಿ ಇಳಿಸುವುದೂ ಒಂದು ಕಲೆಯೇ. ಸಾಧಾರಣ ಮಿನಿವ್ಯಾನು ಹೋಗುವ ಜಾಗ ಇದಲ್ಲ. ಬಾಡಿಗೆ ಕಾರಾದರೆ ಕರಾರು ಪತ್ರದಲ್ಲಿ ರಸ್ತೆ ಬಿಟ್ಟು ಇಳಿಸಬಾರದೆಂಬ ಷರತ್ತು ಇರುತ್ತದೆ, ನೋಡಿಕೊಳ್ಳಿ. ನಾಲ್ಕು ಚಕ್ರಕ್ಕೂ ಬಲವಿರುವ ಗಾಡಿಯಲ್ಲಿ ಟೈರಿನ ಗಾಳಿಯನ್ನು 35ರಿಂದ 18-20 ಪಿಎಸ್‌ಐಗೆ ಇಳಿಸಿದರೆ ಟೈರು ಅಗಲವಾಗಿ ಕೂತು ಮರಳಿನ ಮೇಲೆ ತೇಲಿದಂತೆ ಸಾಗುತ್ತದೆ. ಚಕ್ರ ಸುತ್ತಲು ಶುರುವಾದ ಕೂಡಲೇ ಕಾಲು ತೆಗೆಯಿರಿ. ಇನ್ನಷ್ಟು ಒತ್ತಿದರೆ ಗುಂಡಿ ಆಳವಾಗುತ್ತದೆಯೇ ಹೊರತು ಗಾಡಿ ಮುಂದೆ ಹೋಗದು. ನೀರಿನ ಅಂಚಿನ ಒದ್ದೆ ಮರಳು ಗಟ್ಟಿ ಕಾಣುತ್ತದೆ, ಅದನ್ನು ನಂಬಿ ಕೆಟ್ಟವರೇ ಹೆಚ್ಚು. ಕೆಳಗೆ ನೀರು ತುಂಬಿದ ಮರಳು ಭಾರ ಬಿದ್ದೊಡನೆ ಕುಸಿಯುತ್ತದೆ. ಒಂದು ಸಲಿಕೆ, ಎರಡು ಹಲಗೆ, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ ಗಾಳಿ ಪಂಪು ಇಷ್ಟು ಇಲ್ಲದೆ ಇಳಿಯಬೇಡಿ. ಹೆದ್ದಾರಿ ಹಿಡಿಯುವ ಮೊದಲು ಗಾಳಿ ಮತ್ತೆ ತುಂಬಲೇಬೇಕು, ಇಲ್ಲವಾದರೆ ಟೈರು ಕಾದು ಸಿಡಿದೀತು.

ನೀರಿನಲ್ಲಿ ಹುಷಾರಾಗಿರಬೇಕಾದ್ದು ಅಲೆಯಿದ್ದಾಗಿಗಿಂತ ಅಲೆಯಿಲ್ಲದಾಗ ಎಂದರೆ ಅನೇಕರು ನಂಬುವುದಿಲ್ಲ. ಉತ್ತರದ ಗಾಳಿ ಬೀಸುವ ದಿನ ಉತ್ತರ ದಡದ ನೀರು ಕನ್ನಡಿಯ ಹಾಗಿರುತ್ತದೆ, ಯಾಕೆಂದರೆ ಗಾಳಿ ದಡದಿಂದ ಹೊರಕ್ಕೆ ನೂಕುತ್ತಿದೆ. ಗಾಳಿ ತುಂಬಿದ ಬಾತುಕೋಳಿ, ತೆಪ್ಪ, ಪ್ಯಾಡಲ್ ಹಲಗೆಗಳು ಮಕ್ಕಳ ಸಮೇತ ಕ್ಷಣದಲ್ಲಿ ನಡುನೀರಿಗೆ ಜಾರುತ್ತವೆ. ಅಲ್ಲಿ ಹೋದ ಮೇಲೆಯೇ ಅಲೆ ಸಿಗುವುದು. ದಕ್ಷಿಣದ ಗಾಳಿ ಅಲೆ ಎಬ್ಬಿಸಿದರೂ ನಿಮ್ಮನ್ನು ದಡಕ್ಕೇ ತಂದು ಬಿಡುತ್ತದೆ. ತೇಲುವ ಸಾಮಾನಿಗೆ ಹಗ್ಗ ಕಟ್ಟಿ ಲಂಗರು ಹಾಕಿ, ಇಲ್ಲವೇ ಉತ್ತರದ ಗಾಳಿಯ ದಿನ ಅದನ್ನು ಬಿಚ್ಚಲೇಬೇಡಿ. ಕಾವಲಿಗೆ ಈಜುಗಾರರಿಲ್ಲ. ಮರಳಿನ ತಳ ಸೊಂಟದ ಮಟ್ಟದಲ್ಲಿ ಹಾಯಾಗಿ ಹೋಗುತ್ತಿದ್ದು ಒಮ್ಮೆಗೇ ಆಳಕ್ಕೆ ಇಳಿಯುವ ಜಾಗಗಳಿವೆ. ದೋಣಿಯಲ್ಲಿ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟಿರಬೇಕೆಂಬುದು ನೆಬ್ರಾಸ್ಕದ ಕಾನೂನು. ದಡದಲ್ಲಿ ಆಡುವಾಗಲೂ ತೊಡಿಸಿದರೆ ತಪ್ಪೇನಿಲ್ಲ. ಬಿಸಿಲು ಏರಿದ ಆಗಸ್ಟ್‌ನಲ್ಲಿ ಕೊಲ್ಲಿಯ ಮೂಲೆಯಲ್ಲಿ ಹಸಿರು ಬಣ್ಣ ಚೆಲ್ಲಿದಂಥ ಕೆನೆ ಕಂಡರೆ ಅದು ನೀಲಿ-ಹಸಿರು ಪಾಚಿ. ಮಕ್ಕಳನ್ನೂ ನಾಯಿಯನ್ನೂ ಆಚೆ ಕರೆದುಕೊಂಡು ಬನ್ನಿ, ಕುದಿಸಿದರೂ ಅದರ ವಿಷ ಹೋಗುವುದಿಲ್ಲ.

ಹಾಗಾದರೆ ಮಲಗುವುದೆಲ್ಲಿ? ಅಣೆಕಟ್ಟಿನ ಕೆಳಗೆ ಒಗಲಾಲ ಎಂಬ ಹೆಸರಿನದೇ ಚಿಕ್ಕ ಕೆರೆಯಿದೆ, ಅದಕ್ಕೂ ಪ್ರತ್ಯೇಕ ವಿಹಾರ ತಾಣದ ದರ್ಜೆ. ಸ್ಥಳೀಯರು ದೊಡ್ಡದನ್ನು ಬಿಗ್ ಮ್ಯಾಕ್ ಎಂದೂ ಇದನ್ನು ಲಿಟಲ್ ಮ್ಯಾಕ್ ಎಂದೂ ಕರೆಯುತ್ತಾರೆ. ಅಣೆಕಟ್ಟಿನ ಏರಿಯೇ ಪಶ್ಚಿಮಕ್ಕೆ ಗೋಡೆ, ಸುತ್ತ ಕಾಟನ್‌ವುಡ್ ಮರಗಳ ನೆರಳು, ಟೆಂಟಿಗೆ ಹುಲ್ಲು ನೆಲ. ಸಾಧಾರಣ ಗೂಟ ಇಲ್ಲಿ ಹಿಡಿಯುತ್ತದೆ. ಮೇಲೆ ಬಿರುಸಾಗಿ ಬೀಸುವ ಸಂಜೆಯಲ್ಲೂ ಇಲ್ಲಿ ಒಲೆ ಹೊತ್ತಿಸಬಹುದು. ದಂಡೆಗೆ ಕಾರಿನಲ್ಲಿ ಕೆಲವೇ ನಿಮಿಷ. ಈಜಲು ಮಾತ್ರ ಇದಲ್ಲ. ದೊಡ್ಡ ಕೆರೆಯ ತಳದಿಂದ ಬಿಡುವ ನೀರಾದ್ದರಿಂದ ಜುಲೈನಲ್ಲೂ ಕಾಲು ಮರಗಟ್ಟುವಷ್ಟು ತಣ್ಣಗಿರುತ್ತದೆ, ಟ್ರೌಟ್ ಮೀನಿಗೆ ಅದೇ ಸುಖ. ಗಾಳ ಹಾಕುವ ಆಸೆಯಿದ್ದರೆ 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಪರವಾನಗಿ ಬೇಕು. ಕೊರತೆಯೂ ಇದೆ: ಗಾಳಿಯಿಲ್ಲದ ಕಡೆ ಸೊಳ್ಳೆ. ಮತ್ತೆ ಕಾಟನ್‌ವುಡ್ ಮರದ ಕೊಂಬೆ ಗಾಳಿಗೆ ಸಲೀಸಾಗಿ ಮುರಿಯುತ್ತದೆ, ಹಾಗಾಗಿ ಟೆಂಟು ಹಾಕುವ ಮುಂಚೆ ತಲೆಯೆತ್ತಿ ಒಣ ಕೊಂಬೆ ಇದೆಯೇ ನೋಡಿ. ಪೊದೆಗಳ ಅಂಚಿನಲ್ಲಿ ಮೂರೆಲೆಯ ಪಾಯ್ಸನ್ ಐವಿ ಇರಬಹುದು, ಸೋಕಿದರೆ ವಾರಗಟ್ಟಲೆ ತುರಿಕೆ.

ದೊಡ್ಡ ಕೆರೆಯ ಬದಿಯಲ್ಲೇ ಇರಬೇಕೆಂದರೆ ಸೀಡರ್ ವ್ಯೂ, ಲಿಟಲ್ ಥಂಡರ್, ಲೋನ್ ಈಗಲ್ ಎಂಬ ಅಭಿವೃದ್ಧಿಪಡಿಸಿದ ಕ್ಯಾಂಪ್‌ಗ್ರೌಂಡುಗಳಿವೆ. ಇಲ್ಲಿ ವಿದ್ಯುತ್ ಕಂಬ, ಸ್ನಾನಗೃಹ ಉಂಟು. ಮರಳು ದಂಡೆಯಲ್ಲಿ ಇರುವುದು ಗುಂಡಿ ಶೌಚಾಲಯವಷ್ಟೇ. ಆರ್‌ವಿ ಎಂಬ ಮನೆಯಂಥ ಗಾಡಿಯನ್ನು ಬಾಡಿಗೆಗೆ ತರುವವರಿಗೆ ಇವೇ ಸರಿ. 30 ಆಂಪ್ ಸೈಟಿನಲ್ಲಿ ಸಿಗುವುದು 3,600 ವಾಟ್. ಮೇಲಿನ ಎಸಿ ಒಂದೂವರೆ ಸಾವಿರ ವಾಟ್ ನುಂಗುತ್ತಿರುವಾಗ ಇಂಡಕ್ಷನ್ ಒಲೆಯ ಮೇಲೆ ಅನ್ನಕ್ಕಿಟ್ಟು, ಪಕ್ಕದಲ್ಲಿ ಕಾಫಿಗೆ ಕೆಟಲ್ ಒತ್ತಿದರೆ ಬ್ರೇಕರ್ ಬೀಳುತ್ತದೆ. ಅಡುಗೆಯ ಅರ್ಧ ಗಂಟೆ ಎಸಿ ಆರಿಸುವುದೇ ಪರಿಹಾರ.

ಅಡುಗೆಗೆ ಎರಡು ಉರಿಯ ಪ್ರೋಪೇನ್ ಒಲೆ ಸಾಕು. ಒಂದು ಪೌಂಡಿನ ಹಸಿರು ಸಿಲಿಂಡರಿನಲ್ಲಿ ಸುಮಾರು 21,500 ಬಿಟಿಯು (ಶಾಖದ ಅಳತೆ) ಇರುತ್ತದೆ. 10,000 ಬಿಟಿಯು ಉರಿಯನ್ನು ಪೂರ್ತಿ ಇಟ್ಟರೆ ಎರಡು ಗಂಟೆ, ಎರಡೂ ಉರಿ ಹಚ್ಚಿದರೆ ಒಂದೇ ಗಂಟೆ. ಗಾಳಿಯಿದ್ದರೆ ಇನ್ನೂ ಬೇಗ ಮುಗಿಯುತ್ತದೆ. ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ನಾಲ್ವರಿಗೆ ಮೂರು ಸಿಲಿಂಡರು, ದಂಡೆಯ ಮೇಲಾದರೆ ನಾಲ್ಕು. ಕುಕ್ಕರು ಮೂರು ಲೀಟರಿನದೇ ಇರಲಿ. ಅಗಲ ತಳದ ಐದು ಲೀಟರಿನದು ಪಕ್ಕದ ಉರಿಯ ಮೇಲೂ ಚಾಚಿಕೊಂಡು, ಶಾಖವನ್ನು ಕೆಳಕ್ಕೆ ತಿರುಗಿಸಿ ರೆಗ್ಯುಲೇಟರನ್ನು ಕಾಯಿಸುತ್ತದೆ. ಕೆರೆ ಇರುವುದು ಹೆಚ್ಚು ಕಡಿಮೆ ಬೆಂಗಳೂರಿನಷ್ಟೇ ಎತ್ತರದಲ್ಲಿ, ಆದ್ದರಿಂದ ಕೂಗಿನ ಲೆಕ್ಕ ಊರಲ್ಲಿದ್ದಂತೆಯೇ. ಡೆನ್ವರಿನಲ್ಲಿ ಹೆಚ್ಚಿಗೆ ಕೂಗಿಸುವ ಅಭ್ಯಾಸ ಇಲ್ಲಿ ಬೇಡ. ಮಳೆ ಬಂತೆಂದು ಒಲೆಯನ್ನು ಟೆಂಟಿನೊಳಗೆ ಮಾತ್ರ ತರಬೇಡಿ, ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಚಿತ್ರಾನ್ನದ ಗೊಜ್ಜು, ಹುರಿದ ರವೆಯ ಉಪ್ಪಿಟ್ಟಿನ ಪುಡಿ, ಅವಲಕ್ಕಿಯ ಒಗ್ಗರಣೆ ಮನೆಯಲ್ಲೇ ಮಾಡಿಟ್ಟುಕೊಂಡರೆ ಒಲೆಯ ಕೆಲಸ ಅರ್ಧ. ಇಡ್ಲಿ ಹಿಟ್ಟು ಒಯ್ಯುವುದಾದರೆ ಡಬ್ಬಿಗೆ ಅರ್ಧದಷ್ಟೇ ತುಂಬಿ, ದಾರಿಯಲ್ಲೇ ಹುದುಗು ಬಂದು ಉಕ್ಕುತ್ತದೆ. ಹಾಲು, ಮೊಸರು, ತರಕಾರಿಗೆ ಒಂದು ಐಸ್ ಪೆಟ್ಟಿಗೆ, ಕುಡಿಯುವುದಕ್ಕೆ ಬೇರೆಯದು; ಮಕ್ಕಳು ಗಳಿಗೆಗೊಮ್ಮೆ ತೆರೆಯುವುದು ಎರಡನೆಯದನ್ನೇ. ದಿನಸಿ ಡೆನ್ವರಿನಲ್ಲೇ ಮುಗಿಸಿ, ಐಸು ಮತ್ತು ಹಾಲಿಗೆ ಒಗಲಾಲ ಸಾಕು.

ಸೌದೆಯನ್ನು ಮಾತ್ರ ಮನೆಯಿಂದ ಒಯ್ಯಬೇಡಿ. ಆ್ಯಶ್ ಮರಗಳನ್ನು ಕೊಲ್ಲುವ ಹಸಿರು ಕೊರೆಹುಳು ಕೊಲರಾಡೊದ ಬೋಲ್ಡರಿನಲ್ಲಿ 2013ರಲ್ಲೂ ನೆಬ್ರಾಸ್ಕದ ಓಮಹಾದಲ್ಲಿ 2016ರಲ್ಲೂ ಕಂಡುಬಂತು. ಅದು ತಾನಾಗಿ ಹಾರುವುದಕ್ಕಿಂತ ದೂರ ಹೋಗುವುದು ಕ್ಯಾಂಪಿಗೆ ಹೊರಟವರ ಡಿಕ್ಕಿಯ ಸೌದೆಯಲ್ಲಿ. ಉರಿಸುವ ಊರಿನಲ್ಲೇ ಕೊಳ್ಳಿ, ಉಳಿದದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಕಾಲಿಗೆ ಗಟ್ಟಿ ಅಟ್ಟೆಯ ಚಪ್ಪಲಿಯಿರಲಿ, ಏಕೆಂದರೆ ನಮ್ಮೂರ ಹೊಲದ ಬದುವಿನ ಅದೇ ನೆಗ್ಗಿಲು ಮುಳ್ಳು ಇಲ್ಲಿಯೂ ದಾರಿಯಂಚಿನಲ್ಲಿ ಹಬ್ಬಿದೆ. ಸೈಕಲ್ ಟೈರು, ಗಾಳಿ ಹಾಸಿಗೆ ಎರಡಕ್ಕೂ ಅದು ಶತ್ರು. ಟೆಂಟಿನ ತಳಕ್ಕೆ ಹಾಸುವ ಟಾರ್ಪಾಲಿನ ಕೆಳಗೆ ಒಮ್ಮೆ ಕೈಗವಸು ತೊಟ್ಟು ಸವರಿ ನೋಡಿ. ತೇಪೆ ಹಾಕುವ ಸಾಮಾನೂ ಜೊತೆಗಿರಲಿ. ಎತ್ತರದ ಹುಲ್ಲಿನಲ್ಲಿ ನಡೆದು ಬಂದ ಸಂಜೆ ಮಕ್ಕಳ ಕಿವಿಯ ಹಿಂದೆ, ಸೊಂಟದ ಪಟ್ಟಿಯ ಕೆಳಗೆ ಉಣುಗು ಹುಡುಕಬೇಕು. ಗಿಲಿಗಿಲಿ ಹಾವೂ ಈ ಸೀಮೆಯದೇ. ಕಾಣದ ಕಲ್ಲುಸಂದಿಗೆ ಕೈ ಹಾಕದಿದ್ದರೆ ಅದರ ಪಾಡಿಗೆ ಅದಿರುತ್ತದೆ. ದಂಡೆಯಲ್ಲಿ ಹಗ್ಗ ಕಟ್ಟಿ ಫಲಕ ನೆಟ್ಟ ಜಾಗಗಳು ಪೈಪಿಂಗ್ ಪ್ಲವರ್, ಲೀಸ್ಟ್ ಟರ್ನ್ ಹಕ್ಕಿಗಳ ಗೂಡಿನವು. ಮೊಟ್ಟೆ ಮರಳಿನ ಬಣ್ಣದ್ದೇ, ಕಾಲಿಗೆ ಸಿಗುವವರೆಗೂ ಕಾಣದು. ಆ ಹಗ್ಗ ದಾಟಬೇಡಿ. ಹಕ್ಕಿ ನೋಡುವ ಹುಚ್ಚಿದ್ದರೆ ಬೈನಾಕ್ಯುಲರ್ ಮರೆಯಬೇಡಿ, ವೆಸ್ಟರ್ನ್ ಗ್ರೀಬ್ ಹಕ್ಕಿಗಳು ಈ ನೀರಿನಲ್ಲಿ ಹಿಂಡು ಹಿಂಡಾಗಿ ಸಿಗುತ್ತವೆ.

ಯಾವಾಗ ಹೋಗಬೇಕು? ಜೂನ್‌ನಲ್ಲಿ ನೀರು ತಣ್ಣಗೆ, ಆಲಿಕಲ್ಲಿನ ಭಯ ಹೆಚ್ಚು. ಜುಲೈ ತುಂಬ ಜನ. ಲೇಬರ್ ಡೇ ಕಳೆದ ಮೇಲಿನ ವಾರಾಂತ್ಯಗಳಿಗೆ ಸಾಟಿಯಿಲ್ಲ: ನೀರು ಇನ್ನೂ ಬೆಚ್ಚಗಿರುತ್ತದೆ, ದಂಡೆ ಅಗಲವಾಗಿರುತ್ತದೆ, ಸಂಜೆಯ ಬಿರುಗಾಳಿ ತಗ್ಗಿರುತ್ತದೆ. ರಾತ್ರಿ ಚಳಿ ಮಾತ್ರ ಹಗಲಿನ ಬಿಸಿಲು ನೋಡಿ ಊಹಿಸುವಂಥದ್ದಲ್ಲ, ಹಿರಿಯರಿದ್ದರೆ ಉಣ್ಣೆ ಟೋಪಿ, ದಪ್ಪ ರಗ್ಗು ಬೇಕೇಬೇಕು. ಗಾಳಿ ತುಂಬ ಜೋರಾದ ಹಗಲು ನೀರು ಬಿಟ್ಟು ಪಶ್ಚಿಮ ತುದಿಯ ಲೂವೆಲನ್ ಬಳಿಯ ಆ್ಯಶ್ ಹಾಲೋಗೆ ಹೋಗಿ ಬನ್ನಿ. ಹತ್ತೊಂಬತ್ತನೆಯ ಶತಮಾನದ ವಲಸೆಗಾರರು ವಿಂಡ್‌ಲಾಸ್ ಹಿಲ್ ಎಂಬ ಕಡಿದಾದ ಇಳಿಜಾರಿನಲ್ಲಿ ಬಂಡಿಗಳನ್ನು ಇಳಿಸಿದ ಗುರುತು ನೆಲದಲ್ಲಿ ಇನ್ನೂ ಇದೆ. ಅರ್ಧ ದಿನ ಸಾಕು.

ಒಟ್ಟು ಅಂಕ ಕೊಡುವುದಾದರೆ ದಂಡೆಯ ಹಗಲಿಗೆ ಹತ್ತಕ್ಕೆ ಒಂಬತ್ತು, ದಂಡೆಯ ರಾತ್ರಿಗೆ ನಾಲ್ಕು, ಲಿಟಲ್ ಮ್ಯಾಕ್‌ನ ರಾತ್ರಿಗೆ ಎಂಟು. ಬುಕಿಂಗ್ ಪುಟಕ್ಕೆ ಆರು ಸಾಕು. ನೆರಳೆಲ್ಲಿ, ಗಾಳಿ ಯಾವ ಕಡೆಯಿಂದ ಎಂಬ ಎರಡು ಸಂಗತಿಯನ್ನು ಅದು ಹೇಳುವುದಿಲ್ಲ, ಉಪಗ್ರಹ ಚಿತ್ರ ತೆರೆದು ಮರದ ಗುರುತು ನೀವೇ ಹುಡುಕಿಕೊಳ್ಳಬೇಕು. ಮನೆಗೆ ಬಂದ ದಿನವೇ ಟೆಂಟು ಬಿಚ್ಚಿ ಒಣಹಾಕಿ, ಝಿಪ್ಪಿನ ಹಲ್ಲುಗಳನ್ನು ಹಳೆ ಬ್ರಷ್‌ನಿಂದ ಉಜ್ಜಿ, ನೀರಿನಲ್ಲಿ ತೊಳೆಯಿರಿ. ಎಣ್ಣೆ ಹಚ್ಚಬೇಡಿ, ಹಚ್ಚಿದರೆ ಉಳಿದ ಮರಳೆಲ್ಲ ಅಲ್ಲೇ ಅಂಟಿಕೊಂಡು ಓಡುಗುಂಡಿಯನ್ನು ಸವೆಸುತ್ತದೆ.